ಆರು ಬಣ್ಣದ ಪ್ರಿಂಟರು, ಒಂದು ಆಧಾರ್ ಪ್ರತಿ

ಮನೆಯಲ್ಲೇ ಫೋಟೋ ಪ್ರಿಂಟು ಹಾಕಬೇಕೆಂಬ ಹುಚ್ಚು ಹೊನ್ನಾವರದಲ್ಲಿ ಸಾಮಾನ್ಯವಾಗಿ ನಿವೃತ್ತಿಯ ಮರುತಿಂಗಳು ಹಿಡಿಯುತ್ತದೆ, ಗ್ರಾಚ್ಯುಟಿ ಖಾತೆಗೆ ಬಿದ್ದ ಮೇಲೆ. ಜೀವಮಾನವಿಡೀ ಬಣ್ಣದ ಚಾಕ್‌ಪೀಸನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಮಾಸ್ತರರು ಈಗ ತೆಳು ಸಯಾನ್, ತೆಳು ಮೆಜೆಂಟಾ ಎಂದು ಮಾತಾಡತೊಡಗುತ್ತಾರೆ. ಮನೆಯವರು ಮೊದಲು ಯಾವುದೋ ಹೊಸ ಮಾತ್ರೆಯ ಹೆಸರಿರಬೇಕು ಅಂದುಕೊಳ್ಳುತ್ತಾರೆ.

ಚರ್ಚೆ ಎಪ್ಸನ್ ಎಲ್ 8050 ಮತ್ತು ಕ್ಯಾನನ್ ಜಿ 570 ನಡುವೆ. ಎರಡಕ್ಕೂ ಆರಾರು ಇಂಕಿನ ಟ್ಯಾಂಕು. ಮಾಮೂಲಿ ನಾಲ್ಕು ಬಣ್ಣದ ಜೊತೆಗೆ ಒಂದರಲ್ಲಿ ಆ ತೆಳು ಬಣ್ಣಗಳು, ಇನ್ನೊಂದರಲ್ಲಿ ಕೆಂಪು ಮತ್ತು ಬೂದು. ತೆಳು ಬಣ್ಣವಿದ್ದರೆ ಮುಖ, ಆಕಾಶ ನುಣುಪಾಗಿ ಬರುತ್ತವೆ. ಕೆಂಪಿದ್ದರೆ ಯಕ್ಷಗಾನದ ಕಸೆ ಸೀರೆಗೆ ಕಳೆ. ಬೂದು ಇದ್ದರೆ ಅಜ್ಜನ ಕಪ್ಪು-ಬಿಳುಪು ಫೋಟೋ ಹಸಿರು ಬಳಿದುಕೊಳ್ಳುವ ಸಂಭವ ಕಡಿಮೆ. ಕೊಳ್ಳುವವನಿಗೆ ಇಷ್ಟು ಸಾಕು. ಆದರೆ ಅಂಗಡಿಯವನು ಡಬ್ಬದ ಮೇಲಿನ 5760 ಡಿಪಿಐ ತೋರಿಸುತ್ತಾನೆ, ಮಾಸ್ತರರ ಕಣ್ಣು ಅರಳುತ್ತದೆ. ಅದು ಇಂಕಿನ ಹನಿಗಳ ಲೆಕ್ಕ, ಚಿತ್ರದ ವಿವರದ್ದಲ್ಲ. ನಾಲ್ಕು-ಆರು ಇಂಚಿನ ಫೋಟೋಕ್ಕೆ ಇಂಚಿಗೆ 300 ಪಿಕ್ಸೆಲ್‌ನಂತೆ ಹಿಡಿದರೂ ಬೇಕಾಗುವುದು 1200 ಗುಣಿಸು 1800, ಅಂದರೆ 21 ಲಕ್ಷ 60 ಸಾವಿರ. 50 ಮೆಗಾಪಿಕ್ಸೆಲ್‌ನ ಮೊಬೈಲು ಹಿಡಿದವನು ಐದು ಕೋಟಿ ಪಿಕ್ಸೆಲ್‌ಗಳ ಒಡೆಯ. ಆ ಸಿರಿವಂತಿಕೆಯನ್ನೆಲ್ಲ ಅವನು ವಾಟ್ಸಾಪಿನ ಸಂದಿಯಲ್ಲಿ ತೂರಿಸಿ, ಹಿಂಡಿ, ಹಿಪ್ಪೆ ಮಾಡಿ ಬೆಂಗಳೂರಿನಿಂದ ಕಳಿಸುತ್ತಾನೆ. ಮೊಮ್ಮಗನ ಹುಬ್ಬು ಯಾಕೆ ಚೌಕ ಚೌಕವಾಗಿದೆ ಎಂದು ಇಲ್ಲಿ ಪ್ರಿಂಟರಿನ ವಿಚಾರಣೆ ನಡೆಯುತ್ತದೆ.

ಇನ್ನು ಮಾನಿಟರು. ಪ್ರಿಂಟರಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ಮಾನಿಟರಿಗೆ ಒಂದು ಸಂಜೆಯನ್ನೂ ಕೊಡುವುದಿಲ್ಲ. ಮಗ ಇಂಜಿನಿಯರಿಂಗ್ ಓದುವಾಗ ತಂದದ್ದು ಅಟ್ಟದ ಮೇಲೆ ಇದೆಯಲ್ಲ, ಸಾಕು! ಅದು ಹಳೆಯ ಟಿಎನ್ ಪ್ಯಾನೆಲ್. ಕೂತು ನೋಡಿದರೆ ಸೊಸೆ ಗೌರವರ್ಣ, ಎದ್ದು ನಿಂತರೆ ನೀಲವರ್ಣ. ಭಾಗವತರು ಪದ ಎತ್ತುವ ಮೊದಲೇ ಪಾತ್ರ ಬದಲಾಗಿರುತ್ತದೆ. ಐಪಿಎಸ್ ಪ್ಯಾನೆಲ್ ಆದರೆ ಯಾವ ಕೋನದಿಂದ ನೋಡಿದರೂ ಬಣ್ಣ ಹೆಚ್ಚುಕಡಿಮೆ ಒಂದೇ. ಅದಕ್ಕೆ ದುಡ್ಡು ಬಿಚ್ಚಲು ಮನಸ್ಸಿಲ್ಲ, ಯಾಕೆಂದರೆ ‘ಪ್ರಿಂಟು ಹಾಕುವುದು ಪ್ರಿಂಟರು ತಾನೆ?’

ಹೊಸದು ತಂದವರ ಪಾಡೂ ಬೇರೆಯಲ್ಲ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಗಿರಾಕಿಯ ಕಣ್ಣು ಕುಕ್ಕಲೆಂದೇ ಕಂಪನಿಯವರು ಬ್ರೈಟ್‌ನೆಸ್ ಏರಿಸಿಟ್ಟಿರುತ್ತಾರೆ, 250–300 ನಿಟ್ಸ್‌ವರೆಗೆ. ಪ್ರಿಂಟಿನ ಜೊತೆ ಹೋಲಿಸಲು ಬೇಕಾದದ್ದು 80ರಿಂದ 120. ಎಸ್‌ಆರ್‌ಜಿಬಿ ಮೋಡು, 6500 ಕೆಲ್ವಿನ್ ಎಂದು ಮೆನುವಿನೊಳಗೇ ಇದೆ; ಯಾರೂ ಒತ್ತುವುದಿಲ್ಲ, ಒತ್ತಿದರೆ ಪರದೆ ಮಂಕಾಗುತ್ತದಂತೆ. ಪರದೆ ಬೆಳಕನ್ನು ಎಸೆಯುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ತಿರುಗಿ ಕೊಡುತ್ತದೆ. ಇದು ಗೊತ್ತಿದ್ದೂ ನಾವು ದೀಪಾವಳಿಯಂತೆ ಉರಿಯುವ ಮಾನಿಟರಿನಲ್ಲಿ ಫೋಟೋ ತಿದ್ದಿ, ಜಗಲಿಯ ಹಳದಿ ಬಲ್ಬಿನ ಕೆಳಗೆ ಹಿಡಿದು, ‘ಕಪ್ಪಾಗಿದೆ’ ಎಂದು ಪ್ರಿಂಟರಿಗೆ ಶಾಪ ಹಾಕುತ್ತೇವೆ. ಸುಳ್ಳು ಹೇಳಿದ್ದು ಮಾನಿಟರು, ಬೈಸಿಕೊಂಡದ್ದು ಪ್ರಿಂಟರು. ಇಲ್ಲೇ ಪಕ್ಕದ ಕಾಸರಕೋಡಿನ ಕಡಲತೀರಕ್ಕೆ ಸ್ವಚ್ಛತೆಗೆಂದು 2020ರಲ್ಲಿ ಬ್ಲೂ ಫ್ಲ್ಯಾಗ್ ಬಂತು. ಮನೆಯಲ್ಲಿ ತೆಗೆದ ಪ್ರಿಂಟಿನಲ್ಲಿ ಅದೇ ಕಡಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಫೋಟೋ ತಿದ್ದುವ ಸಾಫ್ಟ್‌ವೇರೂ ಬಣ್ಣ ಸರಿಮಾಡಿ, ಆಮೇಲೆ ಪ್ರಿಂಟರಿನ ಡ್ರೈವರೂ ಸರಿಮಾಡಿದರೆ ಇನ್ನೇನಾಗುತ್ತದೆ? ಇಬ್ಬರಲ್ಲಿ ಒಬ್ಬರನ್ನು ಸುಮ್ಮನಿರಿಸಬೇಕು. ಮಾಸ್ತರರು ಇಬ್ಬರನ್ನೂ ಬಿಟ್ಟು, ಸಾಲದ್ದಕ್ಕೆ ‘ವಿವಿಡ್’ಗೂ ಟಿಕ್ ಹಾಕಿರುತ್ತಾರೆ.

ನಾಚಿಕೆಯ ಸಂಗತಿಯೆಂದರೆ ಇದು ಬಣ್ಣ ಗೊತ್ತಿಲ್ಲದ ಊರಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಗುಣವಂತೆ ಇದೇ ತಾಲೂಕಿನಲ್ಲಿದೆ. ಚೌಕಿಯಲ್ಲಿ ಕಾಲು ಮಡಚಿ ಕೂತ ವೇಷಧಾರಿ ಅಂಗೈಯಗಲದ ಕನ್ನಡಿಯಲ್ಲಿ ಅರದಾಳ, ಇಂಗಳೀಕ, ಕಾಡಿಗೆ ಹಚ್ಚಿಕೊಳ್ಳುವಾಗ ಅವನ ಲೆಕ್ಕವೆಲ್ಲ ರಂಗಸ್ಥಳದ ಬೆಳಕಿನದ್ದು. ದೊಂದಿ ಹೋಗಿ ಗ್ಯಾಸ್‌ಲೈಟು ಬಂತು, ಅದೂ ಹೋಗಿ ಕರೆಂಟು ಬಂತು. ಪ್ರತಿ ಸಲವೂ ಮುಖದ ಬಣ್ಣವನ್ನು ಹೊಸ ಬೆಳಕಿಗೆ ಹೊಂದಿಸಿಕೊಳ್ಳಬೇಕಾಯಿತು. ಕ್ಯಾಲಿಬ್ರೇಶನ್ ಎಂದು ಸಾವಿರಾರು ರೂಪಾಯಿಯ ಉಪಕರಣವನ್ನು ಪರದೆಗೆ ತೂಗುಹಾಕಿ ಮಾಡುವುದೂ ಅದನ್ನೇ. ಮೂರನೇ ಸಾಲಿನಲ್ಲಿ ಕೂತು ‘ಇವತ್ತು ಬಣ್ಣ ಗಾಢವಾಯ್ತು’ ಎಂದು ವಿಮರ್ಶೆ ಮಾಡುವ ನಮ್ಮ ಮಾಸ್ತರರಿಗೆ ಮನೆಗೆ ಬಂದೊಡನೆ ಅದೆಲ್ಲ ಮರೆತುಹೋಗುತ್ತದೆ.

ಇಷ್ಟಾದ ಮೇಲೆ ಮಳೆಗಾಲ. ಡಬ್ಬದಲ್ಲಿಟ್ಟ ಹಪ್ಪಳವೇ ಮೆತ್ತಗಾಗುವ ಊರಿನಲ್ಲಿ ಫೋಟೋ ಪೇಪರು ಗರಿಗರಿಯಾಗಿರಲಿ ಎಂದರೆ ಹೇಗೆ? ಅಂಚು ಸುರುಳುತ್ತದೆ, ರೋಲರು ಎರಡೆರಡು ಹಾಳೆ ಎಳೆಯುತ್ತದೆ, ಡೈ ಇಂಕು ಆರುವುದಿಲ್ಲ. ಆರುವ ಮೊದಲೇ ಕಟ್ಟು ಹಾಕಿಸಿದ ಗೃಹಪ್ರವೇಶದ ಫೋಟೋ ಗಾಜಿಗೆ ಅಂಟಿಕೊಂಡು, ಬಿಡಿಸಿದಾಗ ಪುರೋಹಿತರ ಅರ್ಧ ಮುಖ ಗಾಜಿನ ಕಡೆಗೇ ಹೋಗಿರುತ್ತದೆ.

ಗುಡುಗಿದೊಡನೆ ಮನೆಯ ಪ್ಲಗ್ಗೆಲ್ಲ ಕಿತ್ತುಹಾಕುವುದು ಕರಾವಳಿಯ ನಿತ್ಯಕರ್ಮ. ಸರಿಯೇ. ಆದರೆ ಪ್ರಿಂಟರನ್ನು ಮೊದಲು ಅದರದ್ದೇ ಬಟನ್ ಒತ್ತಿ ಆರಿಸಬೇಕು. ಆಗ ಹೆಡ್ಡು ಮೂಲೆಗೆ ಹೋಗಿ ಮುಚ್ಚಳದಡಿ ಕೂರುತ್ತದೆ. ಪ್ರಿಂಟಾಗುವಾಗಲೇ ಪ್ಲಗ್ಗು ಕಿತ್ತರೆ ಅದು ನಡುದಾರಿಯಲ್ಲಿ ಬಾಯಿ ತೆರೆದುಕೊಂಡೇ ಉಳಿದು, ತೂತುಗಳು ಒಣಗಿ ಕಟ್ಟಿಕೊಳ್ಳುತ್ತವೆ. ಆಮೇಲೆ ‘ಹೆಡ್ ಕ್ಲೀನಿಂಗ್’. ಒಂದೊಂದು ಸಲವೂ ಒಳ್ಳೆಯ ಇಂಕು ಯಂತ್ರದ ಹೊಟ್ಟೆಯ ಸ್ಪಂಜಿಗೆ ಸೇರುತ್ತದೆ, ಯಾರ ಮುಖಕ್ಕೂ ಹತ್ತದೆ. ವಾರಕ್ಕೊಂದು ಬಣ್ಣದ ಪ್ರಿಂಟು ತೆಗೆದರೆ ಈ ರಗಳೆ ಇಲ್ಲ. ಆದರೆ ಇಂಕು ಉಳಿಸಬೇಕಲ್ಲ!

ಹೀಗೆ ಉಳಿಸಿದ ಇಂಕಿನ ಫಲಾನುಭವಿಗಳು ನೆರೆಹೊರೆಯವರು. “ಮಾಸ್ತರೇ, ಒಂದು ಆಧಾರ್ ತೆಗ್ದು ಕೊಡ್ತ್ರಾ?” ಎಂದು ಬೆಳಗ್ಗೆ ಒಬ್ಬರು, ಪಹಣಿಗೆ ಮಧ್ಯಾಹ್ನ ಇನ್ನೊಬ್ಬರು. ಆರು ಬಣ್ಣದ ಪ್ರಿಂಟರಿನಿಂದ ಕಪ್ಪು ಅಕ್ಷರ ತೆಗೆಸಿಕೊಂಡು, “ದುಡ್ಡೆಷ್ಟು?” ಎಂದು ಕೇಳುವ ಧಾಟಿಯಲ್ಲೇ ಬೇಡ ಅನ್ನಿಸಿಕೊಂಡು ಹೋಗುತ್ತಾರೆ. ಗ್ಲಾಸಿಯೋ ಮ್ಯಾಟೋ ಎಂದು ಮಾಸ್ತರರು ಒಮ್ಮೆ ಕೇಳಿ ನೋಡಿದರಂತೆ.

ಮಗಳ ಮದುವೆಯ ಫೋಟೋಗಳು? ಅವು ಪೇಟೆಯ ಸ್ಟುಡಿಯೋದಲ್ಲೇ ಪ್ರಿಂಟಾದವು. ಪೆನ್‌ಡ್ರೈವ್ ಒಯ್ದವರು ಸ್ವತಃ ಮಾಸ್ತರರು. ಅಲ್ಲಿ ಕೂತ ಹುಡುಗನಿಗೆ ಬಣ್ಣ ಹೊಂದಿಸುವ ಐಸಿಸಿ ಪ್ರೊಫೈಲಿನ ಮೇಲೆ ಅರ್ಧ ಗಂಟೆ ಪಾಠವಾಯಿತು. ಹುಡುಗ ಪ್ರತಿ ಮಾತಿಗೂ “ಹೌದು ಸರ್” ಎಂದ. ಅವರು ಚಾ ಕುಡಿಯಲು ಹೊರಟದ್ದೇ ಬ್ರೈಟ್‌ನೆಸ್ ಎರಡು ಮನೆ ಏರಿಸಿ ಬಟನ್ ಒತ್ತಿದ.