ಮನುಷ್ಯರನ್ನು ಕಾರಿನ ಟ್ರ್ಯಾಕಿಗೆ ಇಳಿಸುವ ವಿಧಾನ

ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲಷ್ಟೇ ಪ್ರವೇಶ ಶುಲ್ಕ ಕಟ್ಟಿ. ಈಗಾಗಲೇ ಕಟ್ಟಿಬಿಟ್ಟಿದ್ದರೆ ಓದುವ ಅಗತ್ಯವಿಲ್ಲ. ದುಡ್ಡು ವಾಪಸ್ ಬರುವುದಿಲ್ಲ, ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡಾಗಿದೆ, ಇನ್ನು ಕಾಲು ಮುರಿದುಕೊಳ್ಳುವುದೊಂದೇ ಮರ್ಯಾದೆಯ ದಾರಿ.

ಉತ್ಪನ್ನದ ವಿವರ

ಟ್ರಯಥ್ಲಾನ್ ಎಂದರೆ ಈಜು, ಸೈಕಲ್ಲು, ಓಟ ಮೂರನ್ನೂ ನಡುವೆ ಎಲ್ಲೂ ಕೂರದೆ ಒಂದೇ ಉಸಿರಿನಲ್ಲಿ ಮುಗಿಸುವುದು. 1974ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಓಟದ ಕ್ಲಬ್ಬೊಂದರವರು ಇದನ್ನು ಶುರು ಹಚ್ಚಿದರು. 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಕ್ರೀಡೆಯಾಯಿತು. ಇಷ್ಟು ಸಾಲದೆಂದು ಕೆಲವರು ಅದನ್ನು ಕಾರ್ ರೇಸಿನ ಟ್ರ್ಯಾಕಿಗೂ ತಂದರು. ಅಬುಧಾಬಿಯ ಯಾಸ್ ಮರೀನಾದಲ್ಲಿ ಫಾರ್ಮುಲಾ ಒನ್ ಕಾರು ಓಡುವ ರಸ್ತೆಯ ಮೇಲೆ ಸೈಕಲ್ಲುಗಳು ಓಡಿವೆ. ಆದರೆ ಈ ಕೈಪಿಡಿ ಫ್ಲೋರಿಡಾದ ಡೇಟೋನಾ ಇಂಟರ್‌ನ್ಯಾಷನಲ್ ಸ್ಪೀಡ್‌ವೇಗೆ ಮಾತ್ರ ಅನ್ವಯಿಸುತ್ತದೆ. ಯಾಕೆಂದರೆ ಈಜುವ ಕೆರೆಯನ್ನೂ ಟ್ರ್ಯಾಕಿನ ಹೊಟ್ಟೆಯೊಳಗೇ ಇಟ್ಟುಕೊಂಡಿರುವ ಜಾಗ ಅದು. ಅಲ್ಲಿ 2018ರಲ್ಲಿ ಟ್ರಯಥ್ಲಾನ್ ಶುರುವಾಯಿತು. 2020ರ ಡಿಸೆಂಬರಿನಲ್ಲಿ ವೃತ್ತಿಪರರ ದೊಡ್ಡ ಚಾಂಪಿಯನ್‌ಶಿಪ್ಪೇ ಅಲ್ಲಿ ನಡೆಯಿತು: 2 ಕಿ.ಮೀ. ಈಜು, 80 ಕಿ.ಮೀ. ಸೈಕಲ್, 18 ಕಿ.ಮೀ. ಓಟ. ಒಟ್ಟು ಬಹುಮಾನದ ಮೊತ್ತ 10 ಲಕ್ಷ ಡಾಲರಿಗೂ ಮೇಲೆ. ನಾರ್ವೆಯ ಗುಸ್ತಾವ್ ಈಡನ್, ಕೆನಡಾದ ಪೌಲಾ ಫಿಂಡ್ಲೆ ಗೆದ್ದರು. ನಿಮಗೂ ಆ ಮೊತ್ತಕ್ಕೂ ಸಂಬಂಧವಿಲ್ಲ. ಮುಂದಕ್ಕೆ ಓದಿ.

ಊರಿಗೆ ಫೋನ್ ಮಾಡಿ ತಿಳಿಸುವ ವಿಧಾನ

ಒರ್ಲ್ಯಾಂಡೋದಲ್ಲೋ ಅಟ್ಲಾಂಟಾದಲ್ಲೋ ನೆಲೆಸಿರುವ ಕನ್ನಡಿಗರು ಈ ಭಾಗವನ್ನು ಬಿಡಬಾರದು. ವಿಷಯವನ್ನು ಭಾನುವಾರದ ಫೋನಿನಲ್ಲಿ, ಅಡುಗೆ, ಹವಾಮಾನ, ಮೊಮ್ಮಕ್ಕಳ ನೆಗಡಿ ಎಲ್ಲ ಮುಗಿದ ಮೇಲೆ, ಮಾತಿನ ನಡುವೆ ಸುಮ್ಮನೆ ತೇಲಿಸಿಬಿಡಿ. ಸಂಭಾಷಣೆ ಹೆಚ್ಚು ಕಡಿಮೆ ಹೀಗಿರುತ್ತದೆ:

“ಕಾರು ಓಡಿಸೋ ಕಡೆ ನೀನ್ಯಾಕಪ್ಪಾ ಓಡ್ಬೇಕು?”

“ಕಾರು ಇರಲ್ಲಮ್ಮ ಅವತ್ತು.”

“ಗೆದ್ರೆ ಏನು ಕೊಡ್ತಾರೆ?”

“ಮೆಡಲ್ ಕೊಡ್ತಾರೆ. ಗೆಲ್ಲದೇ ಇದ್ರೂ ಕೊಡ್ತಾರೆ, ಮುಗಿಸಿದ್ರೆ ಸಾಕು.”

“ಅವರು ನಿಂಗೆಷ್ಟು ಕೊಡ್ತಾರೆ?”

“ನಾವೇ ಕಟ್ಬೇಕಮ್ಮ.”

ಇಲ್ಲಿ ಆ ಕಡೆಯಿಂದ ಮಾತು ನಿಲ್ಲುತ್ತದೆ. ಫೋನ್ ಅಪ್ಪನ ಕೈಗೆ ಹೋಗುತ್ತದೆ. ಅವರು ಕೇಳುವುದು ಒಂದೇ ಪ್ರಶ್ನೆ, “ರಜ ಸಿಕ್ತಾ?” ಇದಕ್ಕೆ ಹೌದೆನ್ನಿ. ಮೊಸಳೆಯ ವಿಷಯ ಎತ್ತಬೇಡಿ. ಅದು ಮುಂದೆ ಬರುತ್ತದೆ.

ಜಾಗದ ಪರಿಚಯ

ಡೇಟೋನಾದಲ್ಲಿ ಮೊದಲು ಕಾರಿನ ರೇಸು ನಡೆಯುತ್ತಿದ್ದದ್ದು ಕಡಲ ದಂಡೆಯ ಮರಳಿನ ಮೇಲೆ. 1935ರಲ್ಲಿ ಬ್ರಿಟನ್ನಿನ ಮಾಲ್ಕಮ್ ಕ್ಯಾಂಪ್‌ಬೆಲ್ ಆ ಮರಳಿನಲ್ಲೇ ಗಂಟೆಗೆ 276 ಮೈಲಿ ಓಡಿಸಿದ. ಆಮೇಲೆ ಕಾರ್ ರೇಸಿನ ನಾಸ್ಕಾರ್ ಸಂಸ್ಥೆಯನ್ನು ಕಟ್ಟಿದ ಬಿಲ್ ಫ್ರಾನ್ಸ್, ಅಲೆಯೂ ಮರಳೂ ಬೇಡವೆಂದು ಎರಡೂವರೆ ಮೈಲಿ ಸುತ್ತಳತೆಯ ಟ್ರ್ಯಾಕ್ ಕಟ್ಟಿಸಿ 1959ರಲ್ಲಿ ಬಾಗಿಲು ತೆರೆದ. ತಿರುವುಗಳಲ್ಲಿ ರಸ್ತೆ 31 ಡಿಗ್ರಿ ವಾಲಿಕೊಂಡಿದೆ. ಹೊರ ಅಂಚಿನ ಎತ್ತರ 33 ಅಡಿ. ಟಿ.ವಿ.ಯಲ್ಲಿ ಇದು ತಿಳಿಯುವುದಿಲ್ಲ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಇದು ರಸ್ತೆಯಲ್ಲ, ಮೂರಂತಸ್ತಿನ ಮನೆಯ ಗೋಡೆ ಸುಸ್ತಾಗಿ ಹಿಂದಕ್ಕೆ ಒರಗಿದೆ ಅನಿಸುತ್ತದೆ.

ಅಷ್ಟು ಎತ್ತರಕ್ಕೆ ಮಣ್ಣು ಎಲ್ಲಿಂದ ತರುವುದು? ಫ್ಲೋರಿಡಾ ಚಪ್ಪಟೆ ರಾಜ್ಯ, ಅಗೆಯಲು ಗುಡ್ಡವೇ ಇಲ್ಲ. ಹಾಗಾಗಿ ಟ್ರ್ಯಾಕಿನ ಒಳಗಿನ ನೆಲವನ್ನೇ ತೋಡಿ ಸುತ್ತ ಏರಿಸಿದರು. ತೋಡಿದ ಗುಂಡಿಯಲ್ಲಿ ನೀರು ನಿಂತು ಲೇಕ್ ಲಾಯ್ಡ್ ಆಯಿತು, ಈಗ ಸುಮಾರು 29 ಎಕರೆ. ನಮ್ಮ ಕಡೆ ಕೆರೆಗಾಗಿ ಏರಿ ಕಟ್ಟುತ್ತಾರೆ, ಏರಿಯ ಮೇಲೆ ಗಾಡಿ ಓಡುವುದು ಆಮೇಲಿನ ಮಾತು. ಇಲ್ಲಿ ಗಾಡಿ ಓಡಲೆಂದೇ ಏರಿ, ಏರಿ ಕಟ್ಟಿದ ತಪ್ಪಿಗೆ ಕೆರೆ. ತೂಬಿಲ್ಲ, ಗದ್ದೆಯಿಲ್ಲ, ಕೆರೆಯಮ್ಮನ ಗುಡಿಯಂತೂ ಇಲ್ಲವೇ ಇಲ್ಲ.

ಈಜು

ಈ ಕೆರೆಗೆ ಮೊದಮೊದಲು ಇಳಿದ ಸ್ಪರ್ಧಿಗಳಲ್ಲಿ ಒಬ್ಬ ಕಾರಿನ ಸಮೇತ ಇಳಿದ. 1960ರಲ್ಲಿ ಟಾಮಿ ಅರ್ವಿನ್ ಎಂಬ ಚಾಲಕನ ಫೋರ್ಡ್ ಥಂಡರ್‌ಬರ್ಡ್ ಟ್ರ್ಯಾಕ್ ಬಿಟ್ಟು ಸೀದಾ ನೀರಿಗೆ ಹೋಯಿತು. ನೀವು ಕಾಲ್ನಡಿಗೆಯಲ್ಲಿ ಇಳಿಯುತ್ತೀರಿ. ಅಷ್ಟರಮಟ್ಟಿಗೆ ಈ ಕ್ರೀಡೆ ಸುಧಾರಿಸಿದೆ.

ಮೊಸಳೆ: ಫ್ಲೋರಿಡಾದ 67 ಕೌಂಟಿಗಳಲ್ಲೂ ಮೊಸಳೆ ಇವೆ ಎಂದು ಅಲ್ಲಿನ ವನ್ಯಜೀವಿ ಇಲಾಖೆಯೇ ಹೇಳುತ್ತದೆ. ಚಳಿ ಬಿದ್ದು ಉಷ್ಣಾಂಶ 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅವಕ್ಕೆ ಹಸಿವು ಕಟ್ಟುತ್ತದೆ ಎಂಬುದೂ ಅದೇ ಇಲಾಖೆಯ ಮಾತು. ಡಿಸೆಂಬರಿನ ಡೇಟೋನಾ ಹೆಚ್ಚು ಕಡಿಮೆ ಆ ಗಡಿಯಲ್ಲೇ ಓಲಾಡುತ್ತಿರುತ್ತದೆ. ಇದಕ್ಕಿಂತ ಹೆಚ್ಚಿನ ಭರವಸೆ ಕೊಡಲು ಈ ಕೈಪಿಡಿಗೆ ಅಧಿಕಾರವಿಲ್ಲ.

ವೆಟ್‌ಸೂಟ್: ಅಮೆರಿಕದ ಟ್ರಯಥ್ಲಾನ್ ಸಂಸ್ಥೆಯ ನಿಯಮದಲ್ಲಿ ಹವ್ಯಾಸಿಗಳು 78 ಡಿಗ್ರಿ ಫ್ಯಾರನ್‌ಹೀಟ್‌ವರೆಗಿನ ನೀರಿನಲ್ಲಿ ಈ ರಬ್ಬರ್ ಅಂಗಿ ತೊಡಬಹುದು. ತೊಡಿ. ಅದು ಬೆಚ್ಚಗಿಡುವುದಲ್ಲದೆ ಮೈಯನ್ನು ತೇಲಿಸುತ್ತದೆ, ಈಜು ಅರೆಬರೆ ಬರುವವರಿಗೆ ಅದೇ ದೊಡ್ಡ ಉಪಕಾರ. ತೊಡುವ ಕ್ರಮ: ಮೊದಲು ಪಾದಕ್ಕೆ ತರಕಾರಿ ತಂದ ಪ್ಲಾಸ್ಟಿಕ್ ಕವರು ಹಾಕಿ. ಆಗ ಕಾಲು ಸರಕ್ಕನೆ ಜಾರುತ್ತದೆ. ಕವರು ತೆಗೆದು ಇನ್ನೊಂದು ಕಾಲಿಗೆ. ಉಗುರು ತಾಗಿಸಬೇಡಿ, ಹರಿಯುತ್ತದೆ. ಬೆರಳಿನ ಮೆತ್ತನೆಯ ಭಾಗದಿಂದ ಚಿವುಟಿ ಚಿವುಟಿ ಮೇಲಕ್ಕೆಳೆಯಿರಿ. ತೊಡೆಯ ಸಂದಿಯಲ್ಲಿ ಜಾಗ ಉಳಿದಿದ್ದರೆ ಭುಜಕ್ಕೆ ಸಾಲುವುದಿಲ್ಲ, ಮತ್ತೆ ಮೊದಲಿಂದ. ಕತ್ತಿನ ಸುತ್ತ ವ್ಯಾಸಲಿನ್ ಸವರಿ, ಇಲ್ಲವಾದರೆ ಮರುದಿನ ಕಾಲರಿನ ಅಂಗಿ ಹಾಕಲಾಗುವುದಿಲ್ಲ. ಹಿಂದಿನ ಜಿಪ್ಪಿಗೆ ಪಕ್ಕದ ಅಪರಿಚಿತನ ಸಹಾಯ ಕೇಳಿ. ಟ್ರಯಥ್ಲಾನಿನಲ್ಲಿ ಬೆಳೆಯುವ ಸ್ನೇಹಗಳೆಲ್ಲ ಹೀಗೆ ಬೆನ್ನಿನಿಂದಲೇ ಶುರುವಾಗುವುದು. ಸಮಯ ಅಳೆಯುವ ಚಿಪ್ಪಿನ ಪಟ್ಟಿಯನ್ನು ಎಡಗಾಲಿನ ಹರಡಿಗೆ ಕಟ್ಟಿ. ಬಲಗಡೆ ಸೈಕಲ್ಲಿನ ಚೈನಿರುತ್ತದೆ.

ಕೆರೆಯಲ್ಲಿ ದಿಕ್ಕು ತಪ್ಪುವುದು ಸುಲಭ, ನೀರಿನ ತಳದಲ್ಲಿ ಈಜುಕೊಳದ ಕರಿಗೆರೆ ಇರುವುದಿಲ್ಲ. ಆಗಾಗ ಕಣ್ಣು ಮಾತ್ರ ನೀರಿನ ಮೇಲೆತ್ತಿ ಎದುರು ನೋಡಿ. ಲಕ್ಷ ಜನ ಕೂರುವ ಗ್ಯಾಲರಿ ಕಾಣುತ್ತದೆ. ಅವತ್ತು ಅಲ್ಲಿ ಕೂತಿರುವವರು ಸ್ಪರ್ಧಿಗಳ ಹೆಂಡತಿ, ಗಂಡ, ಮಕ್ಕಳು ಮಾತ್ರ.

ಪಿಟ್ ಸ್ಟಾಪ್

ಈಜು ಮುಗಿಸಿ ಸೈಕಲ್ ಹತ್ತುವ ಇದೇ ಅಂಗಳದಲ್ಲಿ ಕಾರ್ ರೇಸಿನ ದಿನ ಐದಾರು ಜನ ಗೋಡೆ ಹಾರಿ ಬಂದು ಕಾರಿನ ನಾಲ್ಕೂ ಚಕ್ರ ಬದಲಿಸಿ, ಪೆಟ್ರೋಲ್ ತುಂಬಿಸಿ, ಹದಿನೈದು ಸೆಕೆಂಡಿನೊಳಗೆ ಕಳಿಸಿಕೊಡುತ್ತಾರೆ. ನಿಮಗೆ ಆ ಸೌಕರ್ಯವಿಲ್ಲ. ಹೊರಗಿನವರು ಕೈ ಹಾಕಿದರೆ ದಂಡ. ಒದ್ದೆ ಕಾಲಿಗೆ ಅಂಟಿದ ವೆಟ್‌ಸೂಟನ್ನು ಒಂಟಿಕಾಲಿನಲ್ಲಿ ಕುಂಟುತ್ತ ನೀವೇ ಕಿತ್ತುಕೊಳ್ಳಬೇಕು. ಹೆಲ್ಮೆಟ್ ಹಾಕಿ, ಗಲ್ಲದ ಕೆಳಗಿನ ಬಕಲ್ ಬಿಗಿದ ಮೇಲಷ್ಟೇ ಸ್ಟ್ಯಾಂಡಿನಿಂದ ಸೈಕಲ್ ಎತ್ತಿ. ಇದು ತಪ್ಪಿಯೇ ಹೆಚ್ಚಿನ ಹೊಸಬರು ಶಿಕ್ಷೆ ತಿನ್ನುತ್ತಾರೆ. ಬೂಟಿಗೆ ದಾರ ಬೇಡ, ಎಲಾಸ್ಟಿಕ್ ಹಾಕಿಸಿ. ಕಾಲುಚೀಲದೊಳಗೆ ಹಿಂದಿನ ರಾತ್ರಿಯೇ ಪೌಡರ್ ಉದುರಿಸಿಡಿ.

ಸೈಕಲ್

80 ಕಿಲೋಮೀಟರ್ ಎಂದರೆ ಇಲ್ಲಿ ಸುಮಾರು 20 ಸುತ್ತು. 1987ರಲ್ಲಿ ಬಿಲ್ ಎಲಿಯಟ್ ಎಂಬ ಚಾಲಕ ಕಾರಿನಲ್ಲಿ ಇದೇ ಟ್ರ್ಯಾಕನ್ನು ಗಂಟೆಗೆ 210 ಮೈಲಿ ವೇಗದಲ್ಲಿ, ಒಂದು ಸುತ್ತಿಗೆ 43 ಸೆಕೆಂಡೂ ಬೇಡದಂತೆ ಸುತ್ತಿದ. ಗಂಟೆಗೆ 30 ಕಿ.ಮೀ. ತುಳಿಯುವ ನಿಮಗೆ ಒಂದು ಸುತ್ತಿಗೆ ಎಂಟು ನಿಮಿಷ. ಆಮೇಲೆ ಓಡುವಾಗ ಅದೇ ಸುತ್ತು ಅರ್ಧ ಗಂಟೆ ಹಿಡಿಯುತ್ತದೆ. ಟ್ರ್ಯಾಕಿಗೆ ಈ ಅವಮಾನ ತಿಳಿಯದಂತೆ ಮೆಲ್ಲಗೆ ಹೋಗಿ.

ವಾಲಿದ ರಸ್ತೆಯ ಮೇಲಕ್ಕೆ ಹತ್ತುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಸುಮಾರು 300 ಮೀಟರ್ ತ್ರಿಜ್ಯದ ತಿರುವು ಅದು. 31 ಡಿಗ್ರಿಯ ವಾಲು ಸಹಜವಾಗಿ ಒಪ್ಪುವುದು ಗಂಟೆಗೆ 150 ಕಿ.ಮೀ. ಆಸುಪಾಸಿನ ವೇಗಕ್ಕೆ. ಅಷ್ಟು ವೇಗವಿದ್ದರೆ ಗಾಡಿ ತಾನಾಗಿ ರಸ್ತೆಗೆ ನೆಟ್ಟಗೆ ಒತ್ತಿಕೊಳ್ಳುತ್ತದೆ. 30ರಲ್ಲಿ ಹೋಗುವ ಸೈಕಲ್ಲು ಹೆಚ್ಚು ಕಡಿಮೆ ನೇರವಾಗಿಯೇ ನಿಂತಿರುತ್ತದೆ, ರಸ್ತೆ ಮಾತ್ರ ಓರೆ. ಆಗ ಏರುಮುಖದ ಕಡೆಯ ಪೆಡಲ್ ನೆಲಕ್ಕೆ ಬಡಿಯುವಷ್ಟು ಹತ್ತಿರ ಬರುತ್ತದೆ. ಬಡಿದರೆ ಇಳಿಜಾರಿನಲ್ಲಿ ಜಾರುತ್ತ ಬರುವ ನಿಮ್ಮನ್ನು ಗ್ಯಾಲರಿಯಿಂದ ಮಕ್ಕಳು ಮೊಬೈಲಿನಲ್ಲಿ ಹಿಡಿಯುತ್ತಾರೆ. ಕೆಳಗಿನ ಸಮತಟ್ಟು ಪಟ್ಟಿ ಬಿಡಬೇಡಿ.

ಇನ್ನು ಒಬ್ಬರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ವಿಷಯ. ಈ ವಿದ್ಯೆಗೆ ಇದೇ ಟ್ರ್ಯಾಕ್ ತವರು. 1960ರಲ್ಲಿ ಜೂನಿಯರ್ ಜಾನ್ಸನ್ ಎಂಬಾತನ ಶೆವರ್ಲೆ ಬೇರೆಯವರ ಪಾಂಟಿಯಾಕ್‌ಗಳಿಗಿಂತ ನಿಧಾನ. ಅಭ್ಯಾಸದಲ್ಲಿ ಅವುಗಳ ಹಿಂದೆಯೇ ಒತ್ತಿಕೊಂಡು ಹೋದಾಗ ತನ್ನ ಕಾರೂ ಅಷ್ಟೇ ಜೋರಾಗಿ ಓಡುವುದನ್ನು ಕಂಡ. ಇಲ್ಲಿನ ದೊಡ್ಡ ಕಾರ್ ರೇಸಾದ ಡೇಟೋನಾ 500 ಅನ್ನು ಆ ವರ್ಷ ಗೆದ್ದೇಬಿಟ್ಟ. ಅದಕ್ಕೂ ಮೊದಲು ಆತ ಕಳ್ಳಬಟ್ಟಿ ಕೇಸಿನಲ್ಲಿ ಜೈಲು ಕಂಡಿದ್ದ. ಮುಂದೆ ಅಧ್ಯಕ್ಷ ರೇಗನ್ ಅವನಿಗೆ ಕ್ಷಮಾದಾನ ಕೊಟ್ಟರು. ಆತ ಕಲಿಸಿದ ಪಾಠವನ್ನು ಅದೇ ನೆಲದ ಮೇಲೆ ನೀವು ಸೈಕಲ್ಲಿನಲ್ಲಿ ಮಾಡಿದರೆ ಕ್ಷಮಾದಾನವಿಲ್ಲ. ಇಂಥ ದೂರದ ಸ್ಪರ್ಧೆಗಳಲ್ಲಿ ಮುಂದಿನ ಸೈಕಲ್ಲಿನಿಂದ ಸಾಮಾನ್ಯವಾಗಿ 12 ಮೀಟರ್ ಅಂತರ ಇರಬೇಕು. 2020ರ ಇಲ್ಲಿನ ಚಾಂಪಿಯನ್‌ಶಿಪ್ಪಿನಲ್ಲಿ ಅದನ್ನು 20 ಮೀಟರಿಗೆ ಏರಿಸಿದ್ದರು. ಕಳ್ಳಬಟ್ಟಿಯವನಿಗೆ ಟ್ರೋಫಿ, ಹಿಂದೆ ಅಂಟಿದ ಸಾಫ್ಟ್‌ವೇರಿನವನಿಗೆ ದಂಡದ ಡೇರೆ. ಆದರೂ ನಿಯಮ ಸರಿಯಾದದ್ದೇ. ಇಲ್ಲದಿದ್ದರೆ ಇಪ್ಪತ್ತೂ ಸುತ್ತು ಒಬ್ಬ ಬಡಪಾಯಿ ತುಳಿಯುತ್ತಿದ್ದ, ಉಳಿದವರು ಮೆರವಣಿಗೆ ಹೋಗುತ್ತಿದ್ದರು.

ಸುತ್ತುಗಳ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಏಳನೆಯದೋ ಎಂಟನೆಯದೋ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ, ಎಲ್ಲ ಸುತ್ತಿನಲ್ಲೂ ಅದೇ ಗೋಡೆ, ಅದೇ ಜಾಹೀರಾತು. ಸೈಕಲ್ಲಿನ ಕಂಪ್ಯೂಟರ್ ನಂಬಿ. ಸುತ್ತಿನ ಒಂದು ಬದಿಯಲ್ಲಿ ಹಿಂದಿನಿಂದ ಗಾಳಿ ನೂಕುತ್ತದೆ, ಅಲ್ಲಿ ನಿಮಗೆ ನಿಮ್ಮ ಮೇಲೆ ಅಭಿಮಾನ ಮೂಡುತ್ತದೆ. ತಿರುವು ದಾಟಿದರೆ ಎದುರುಗಾಳಿ. ಕಳೆದುಕೊಂಡಷ್ಟನ್ನು ಗಾಳಿ ಯಾವತ್ತೂ ಪೂರ್ತಿ ಹಿಂದಿರುಗಿಸುವುದಿಲ್ಲ, ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು. ಉಳಿದಂತೆ ಇಷ್ಟು ಸುಖದ ರಸ್ತೆ ಇನ್ನೆಲ್ಲೂ ಸಿಗದು. ಭಾನುವಾರ ಬೆಳಿಗ್ಗೆ ಕಾರು ಬೈಕುಗಳ ನಡುವೆ ನಂದಿಬೆಟ್ಟದ ತಿರುವು ಹತ್ತಿ ಅಭ್ಯಾಸವಾದವರಿಗೆ ಹಂಪಿಲ್ಲದ, ನಾಯಿಯಿಲ್ಲದ, ಹಾರ್ನಿಲ್ಲದ ಈ ನುಣುಪು ನೋಡಿ ಕಣ್ಣಲ್ಲಿ ನೀರು ಬಂದರೆ ಆಶ್ಚರ್ಯವಿಲ್ಲ. ಮೊದಲ ಸಲ ಟ್ರಯಥ್ಲಾನ್ ಮಾಡುವವರು ಊರ ರಸ್ತೆಗಿಂತ ಟ್ರ್ಯಾಕನ್ನೇ ಆರಿಸಿಕೊಳ್ಳಿ. ಬೇಸರವಾಗುತ್ತದೆ, ನಿಜ. ಆದರೆ ಟಿಪ್ಪರ್ ಬರುವುದಿಲ್ಲ.

ಇಂಧನ

ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು ಎನ್ನುತ್ತಾರೆ. ಅಂಗಡಿಯ ಜೆಲ್ ಒಂದರಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ. ಜೆಲ್ ಸೇರದವರು ಬಾಳೆಹಣ್ಣು, ಕಡಲೆ ಚಿಕ್ಕಿ ಇಟ್ಟುಕೊಳ್ಳಬಹುದು. ಚಿಕ್ಕಿ ಹಲ್ಲಿಗೆ ಸಿಕ್ಕಿ ಏದುಸಿರಿಗೆ ತೊಡಕಾಗುತ್ತದೆ, ಪುಡಿ ಮಾಡಿ ಒಯ್ಯಿರಿ. ಮನೆಯಲ್ಲಿ ಪರೀಕ್ಷಿಸದ ಏನನ್ನೂ ಅವತ್ತು ಬಾಯಿಗಿಡಬೇಡಿ. ಹಿಂದಿನ ರಾತ್ರಿ ಸ್ನೇಹಿತರ ಮನೆಯ ಬಿಸಿಬೇಳೆಬಾತಿಗೆ ಕರೆ ಬಂದರೆ ನಯವಾಗಿ ತಪ್ಪಿಸಿಕೊಳ್ಳಿ.

ಓಟ

ಸೈಕಲ್ಲಿನಿಂದ ಇಳಿದ ಕೂಡಲೇ ಕಾಲುಗಳು ನಿಮ್ಮ ಮಾತು ಕೇಳುವುದಿಲ್ಲ. ಗಾಬರಿ ಬೇಡ, ಮೊದಲ ಒಂದು ಕಿಲೋಮೀಟರ್ ಹೀಗೇ. ಅಭ್ಯಾಸದ ದಿನಗಳಲ್ಲಿ ಸೈಕಲ್ ತುಳಿದ ಮೇಲೆ ಹತ್ತು ಹದಿನೈದು ನಿಮಿಷವಾದರೂ ಓಡುವುದನ್ನು ರೂಢಿಸಿಕೊಂಡಿದ್ದರೆ ಬೇಗ ಸರಿಹೋಗುತ್ತದೆ. ವಾಲಿದ ಕಡೆ ಓಡಬೇಡಿ, ಒಂದು ಮಂಡಿ ಮಾತ್ರ ಕೆಡುತ್ತದೆ. ನೆರಳಿಲ್ಲ. ಕಾರಿಗೆ ನೆರಳು ಬೇಕೆಂದು 1959ರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಬಿಡಿಭಾಗಗಳು: ಅದೃಷ್ಟ

ಆಗಲೇ ಹೇಳಿದ ನಾರ್ವೆಯ ಈಡನ್ ಟೋಕಿಯೋದ ಬೀದಿಯಲ್ಲಿ ಬಿದ್ದಿದ್ದ ತೈವಾನಿನ ದೇವಸ್ಥಾನವೊಂದರ ಟೋಪಿಯನ್ನು ಎತ್ತಿಕೊಂಡ. ಅದನ್ನೇ ತಲೆಗೇರಿಸಿಕೊಂಡು ಗೆಲ್ಲುತ್ತ ಹೋದ, ಡೇಟೋನಾದಲ್ಲೂ. ಅದಕ್ಕೂ ಮೊದಲು, 1998ರಲ್ಲಿ, ಇಲ್ಲಿ ಇಪ್ಪತ್ತನೆಯ ಸಲ ಪ್ರಯತ್ನಿಸುತ್ತಿದ್ದ ಕಾರು ಚಾಲಕ ಡೇಲ್ ಅರ್ನ್‌ಹಾರ್ಟ್‌ಗೆ ಪುಟ್ಟ ಹುಡುಗಿಯೊಬ್ಬಳು ಒಂದು ಸೆಂಟಿನ ನಾಣ್ಯ ಕೊಟ್ಟಳು. ಅದನ್ನು ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡು ಡೇಟೋನಾ 500 ಗೆದ್ದ. ಹಾಗಾಗಿ ಅಮ್ಮ ಕೊರಿಯರಿನಲ್ಲಿ ಕಳಿಸಿದ ಕುಂಕುಮದ ಪೊಟ್ಟಣವನ್ನು ಸ್ಯಾಡಲ್ ಬ್ಯಾಗಿನಲ್ಲಿ ಇಟ್ಟುಕೊಳ್ಳಲು ನಾಚಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬೆವರಿಗೆ ಕರಗಿದರೆ ವೈದ್ಯರು ರಕ್ತವೆಂದುಕೊಂಡು ನಿಮ್ಮನ್ನು ನಿಲ್ಲಿಸಿಬಿಡುತ್ತಾರೆ.

ಕೊನೆಯ ಸೂಚನೆ

ಮುಗಿಸಿದವರ ಕೊರಳಿಗೆ ಮೆಡಲ್ ಬೀಳುತ್ತದೆ, ಫೋಟೋ ಆಗುತ್ತದೆ, ಬಾಳೆಹಣ್ಣು ಸಿಗುತ್ತದೆ. ಇದಾದ ಮೇಲೆ ಏನು ಮಾಡಬೇಕೆಂದು ಯಾವ ಕೈಪಿಡಿಯೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಲಕ್ಷ ಜನ ಬಂದು ಹೋಗುವ ಜಾಗದ ಪಾರ್ಕಿಂಗ್ ಅದು. ಆ ಕಾಲುಗಳಲ್ಲಿ ಸಾಲು ಸಾಲು ಹುಡುಕುವುದು ಸಾಧ್ಯವಿಲ್ಲ. ನಿಮ್ಮ ಕಾರನ್ನು ಎಲ್ಲಿ ನಿಲ್ಲಿಸಿದ್ದೀರಿ ಎಂಬುದನ್ನು ದಯವಿಟ್ಟು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.