ಭೋಸರಿ ದ್ವೀಪದ ವಸಂತ

ಮಕ್ಕಳ ಕಥೆ ಬರೆಯುವವನಿಗೆ ಒಂದು ದ್ವೀಪ ಬೇಕೇ ಬೇಕು. ನಾನಿರುವುದೋ ಪುಣೆ ಬಳಿಯ ಭೋಸರಿಯಲ್ಲಿ, ಸಮುದ್ರ ಕಾಣಬೇಕಾದರೆ ಘಟ್ಟ ಇಳಿದು ಕೊಂಕಣಕ್ಕೇ ಹೋಗಬೇಕು. ಅದಕ್ಕೇ ಪುಣೆ-ನಾಸಿಕ್ ರಸ್ತೆಯ ಡಿವೈಡರನ್ನೇ ದ್ವೀಪ ಮಾಡಿಕೊಂಡಿದ್ದೇನೆ. ಸುತ್ತ ನೀರಿಲ್ಲ, ಟೆಂಪೋಗಳಿವೆ. ಮೊನ್ನೆ ಅರ್ಧ ರಸ್ತೆ ದಾಟಿ ಅಲ್ಲೇ ಸಿಕ್ಕಿಕೊಂಡ ಹತ್ತು ನಿಮಿಷದಲ್ಲಿ ಒಂದು ಅಧ್ಯಾಯವೇ ಹೊಳೆಯಿತು.

ದ್ವೀಪದ ಸಸ್ಯಸಂಪತ್ತು ಅಂದರೆ ಕಾಗದದ ಹೂವಿನ ಗಿಡ. ಎಂಐಡಿಸಿ ಕಾರ್ಖಾನೆಗಳ ಧೂಳನ್ನೇ ಉಂಡು ಗುಲಾಬಿ ಬಣ್ಣ ಉಗುಳುತ್ತದೆ. ಆ ಬಣ್ಣ ಹೂವಿನದಲ್ಲ, ವೇಷ ಹಾಕಿದ ಎಲೆಯದು. ನಿಜವಾದ ಹೂವು ಒಳಗೆ ಬೆಳ್ಳಗೆ, ಸಣ್ಣಗೆ, ಸಂಕೋಚದಿಂದ ಕೂತಿರುತ್ತದೆ. ಲೇಖಕನೂ ಮುಖಪುಟವೂ ಇದ್ದಹಾಗೆ ಅನ್ನಿ.

ಇಲ್ಲಿಯ ವಸಂತಕ್ಕೆ ಬೆಳಿಗ್ಗೆ ಕೋಗಿಲೆ, ಮಧ್ಯಾಹ್ನ ಕೂಲರ್. ನಮ್ಮ ಯುಗಾದಿ, ಎದುರು ಮನೆಯ ಗುಡಿಪಾಡ್ವ ಒಂದೇ ದಿನ. ಹಾಗಾಗಿ ಬೇವು ಎರಡು ಸಲ. ಬೆಲ್ಲ ಮಾತ್ರ ಎರಡೂ ಕಡೆ ಕಡಿಮೆ, ನನಗೆ ಸಕ್ಕರೆ ಕಾಯಿಲೆಯಂತೆ!

ಅಧ್ಯಾಯ ಕೇಳಿದ ಮೊಮ್ಮಗ ತಕರಾರು ತೆಗೆದ: “ಅಜ್ಜಾ, ದ್ವೀಪ ಅಂದಮ್ಯಾಲ ಕಡಲ್ಗಳ್ಳರು ಬೇಕಲ್ಲಾ?”

ಬಾಲ್ಕನಿಗೆ ಕರೆದೊಯ್ದು, ಹೆಲ್ಮೆಟ್ಟಿಲ್ಲದೆ ರಾಂಗ್ ಸೈಡಿನಲ್ಲಿ ನುಗ್ಗುತ್ತಿದ್ದ ಮೂವರನ್ನು ತೋರಿಸಿದೆ. ಮೂವರೂ ಒಂದೇ ಬೈಕಿನಲ್ಲಿದ್ದರು.