ಚಿತ್ತ ಕಾಕಾ

ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆಯ ಯಾವುದೇ ಹಳೆಯ ಮಿಶನ್ ಸಭೆಗೆ ಹೋಗಿ, ಚಿತ್ತ ಕಾಕಾ ಒಬ್ಬರು ಇದ್ದೇ ಇರುತ್ತಾರೆ. ಎರಡನೆಯ ಗೀತೆಯ ಕೊನೆಯ ಚರಣ ನಡೆದಾಗ ಬಾಗಿಲಲ್ಲಿ ಕಾಣಿಸಿಕೊಂಡರೆ ಅವರೇ ಎಂದು ತಿಳಿಯಿರಿ. ಗಡಿಬಿಡಿ ಇಲ್ಲ. ಎಲ್ಲರಿಗೂ ಕಣ್ಣಲ್ಲೇ ನಮಸ್ಕಾರ ಹೇಳುತ್ತ ಗಂಡಸರ ಕಡೆಯ ಬೆಂಚಿಗೆ ಬಂದರೆ, ಸರಿಯಾಗಿ ಫ್ಯಾನಿನ ಕೆಳಗೆ ಒಬ್ಬರು ಕೂಡುವಷ್ಟು ಜಾಗ. “ನೋಡ್ರಿ, ದೇವರು ಇಟ್ಟಿರ್ತಾನ” ಎಂದು ಪಕ್ಕದವರ ಕಿವಿಯಲ್ಲಿ ಹೇಳಿ ಕೂಡುತ್ತಾರೆ. ಇಟ್ಟವರು ಕಾಕು. ಅರ್ಧ ತಾಸು ಮೊದಲೇ ಬಂದು, ಗಂಡನ ಕನ್ನಡಕದ ಡಬ್ಬಿಯನ್ನೂ ಗೀತಪುಸ್ತಕವನ್ನೂ ಮೊಮ್ಮಗನ ಕೈಯಲ್ಲಿ ಕಳಿಸಿ ಜಾಗ ಹಿಡಿಸಿ, ತಾವು ಹೆಂಗಸರ ಕಡೆ ಹೋಗಿ ಕೂತಿರುತ್ತಾರೆ.

ನಮ್ಮ ಸಭೆಯ ಚಿತ್ತ ಕಾಕಾಗೆ ಆ ಹೆಸರಿಟ್ಟವರು ಭಾನುವಾರ ಶಾಲೆಯ ಹುಡುಗರು. “ಕರ್ತನ ಚಿತ್ತ ಇದ್ರ” ಎನ್ನದೆ ಅವರ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲ. ಕರ್ತನ ಚಿತ್ತ ಇದ್ರ ನಾಳೆ ಹುಬ್ಬಳ್ಳಿಗೆ ಹೋಗತೇನಿ. ಕರ್ತನ ಚಿತ್ತ ಇದ್ರ ಸಂಜೀಕೆ ಕ್ಷೌರ ಮಾಡಿಸ್ಕೋತೇನಿ. ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಈ ಮಾತಿಗೆ ಆಧಾರ ಉಂಟು, ನಿಜ. ಆದರೆ ಅಲ್ಲಿ ಬುದ್ಧಿ ಹೇಳಿದ್ದು ಬೇರೆ ಊರಿಗೆ ಹೋಗಿ ವರ್ಷಗಟ್ಟಲೆ ವ್ಯಾಪಾರ ಮಾಡಿ ಲಾಭ ಹೊಡೆಯುತ್ತೇವೆ ಎಂದು ಜಂಬ ಕೊಚ್ಚುವವರಿಗೆ. ಕ್ಷೌರಕ್ಕೆ ಹೋಗಲು ಬೇಸರಪಡುವವರು ಯಾಕೋಬನ ಕಣ್ಣಮುಂದೆ ಇದ್ದಂತಿಲ್ಲ.

ಕಾಕಾ ಸೋಮಾರಿ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಒಂದು ದಿನ ಪಾಠ ತಪ್ಪಿಸಿದವರಲ್ಲ. ಅವರಿಗಿರುವುದು ಸೋಮಾರಿತನವಲ್ಲ, ದೈವಜ್ಞಾನ. ಮತ್ತಾಯನ ಆರನೆಯ ಅಧ್ಯಾಯ ಅವರಿಗೆ ಬಾಯಿಪಾಠ: ಬಿತ್ತದ, ಕೊಯ್ಯದ, ಕಣಜ ತುಂಬದ ಹಕ್ಕಿಗಳ ಅಧ್ಯಾಯ, ನೂಲದ ಅಡವಿ ಹೂಗಳ ಅಧ್ಯಾಯ. ಕಾಕು ಕೂಡ ಆರನೆಯ ಅಧ್ಯಾಯದವರೇ. ಆದರೆ ಅವರದು ಜ್ಞಾನೋಕ್ತಿಗಳ ಆರನೆಯ ಅಧ್ಯಾಯ. ಅಲ್ಲಿರುವುದು ಇರುವೆ, ಮೇಲೆ ಮೇಸ್ತ್ರಿ ಇಲ್ಲದಿದ್ದರೂ ಬೇಸಿಗೆಯಲ್ಲೇ ಕಾಳು ಕೂಡಿಡುವ ಇರುವೆ. ಹಕ್ಕಿ ಮತ್ತು ಇರುವೆಗೆ ಒಂದೇ ದೇವಾಲಯದಲ್ಲಿ ಮದುವೆಯಾಗಿ, ಒಂದೇ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿ ನಲವತ್ತು ವರ್ಷವಾಯಿತು.

1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರು ಈ ಭಾಗದ ಕ್ರೈಸ್ತ ಮನೆತನಗಳಿಗೆ ಸತ್ಯವೇದದ ಜೊತೆಗೆ ಇನ್ನೂ ಎರಡನ್ನು ಕಲಿಸಿದರು: ಗಂಟೆ ಹೊಡೆದಂತೆ ಏಳುವುದು, ಕಾಸಿಗೆ ಕಾಸು ಲೆಕ್ಕ ಬರೆಯುವುದು. ನೇಯ್ಗೆ, ಹೆಂಚು, ಮುದ್ರಣ ಎಂದು ಕೈಗೆ ಕೆಲಸ ಕೊಟ್ಟು, ಕೆಲಸವೂ ಭಕ್ತಿಯೇ ಎಂದು ನಂಬಿಸಿದವರು ಅವರು. ಆ ಆಸ್ತಿಯಲ್ಲಿ ಕಾಕಾನ ಪಾಲಿಗೆ ಬಂದದ್ದು ಪಡಸಾಲೆಯ ಗೋಡೆ ಗಡಿಯಾರ ಒಂದೇ. ಕೀಲಿ ಕೊಡುವವರು ಕಾಕು.

ಮನೆಯ ಹೆಸರು ‘ಯೆಹೋವ ಯೀರೆ’. ಅಬ್ರಹಾಮ ಮಗನನ್ನು ಬಲಿಕೊಡಲು ಬೆಟ್ಟ ಹತ್ತಿದಾಗ ಪೊದೆಯಲ್ಲಿ ಟಗರು ಸಿಕ್ಕಿಕೊಂಡಿದ್ದ ಜಾಗದ ಹೆಸರು ಅದು. ದೇವರು ಒದಗಿಸುತ್ತಾನೆ ಎಂದು ಅರ್ಥ. ಗೇಟಿನ ಮೇಲಿನ ಆ ಫಲಕವನ್ನು ನೋಡಿ ಗ್ಯಾಸಿನವ, ಪೇಪರಿನವ, ಹಾಲಿನವ ಎಲ್ಲರೂ ಬಿಲ್ ಹಿಡಿದು ನೇರ ಹಿತ್ತಲ ಬಾಗಿಲಿಗೆ ಹೋಗುತ್ತಾರೆ. ಒದಗಿಸುವವರು ಅಲ್ಲಿರುತ್ತಾರೆ ಎಂದು ಅವರಿಗೆ ಗೊತ್ತು.

ಒಮ್ಮೆ ಪಡಸಾಲೆಗೆ ಎಲ್‌ಐಸಿ ಏಜೆಂಟ್ ಬಂದ. ಸಭೆಯದೇ ಹುಡುಗ, ಕಾಕಾನ ಹಳೆಯ ವಿದ್ಯಾರ್ಥಿ.

“ಕಾಕಾ, ಜೀವಕ್ಕ ಏನು ಭರೋಸಾ ಐತಿ ಹೇಳ್ರಿ.”

“ನನ್ನ ಜೀವದ ಭರೋಸಾ ಮ್ಯಾಲಿನವನ ಹತ್ರ ಐತಿ. ಇದೇನಿದು, ದೀಪಕ್ಕ ಎರಡು ಕೈ ಅಡ್ಡ ಹಿಡದಂಗ ಚಿತ್ರ? ಕೆಳಗೇನೋ ಸಂಸ್ಕೃತ ಬರದಾರ?”

ಹುಡುಗ ಉತ್ಸಾಹದಿಂದ ಹೇಳಿದ: ಅದು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದ್ದು, ನನ್ನನ್ನು ನಂಬಿದವರ ಯೋಗಕ್ಷೇಮವನ್ನು ನಾನೇ ಹೊರುತ್ತೇನೆ ಎಂದು ಭಗವಂತ ಕೊಟ್ಟ ಮಾತು.

“ಭಾಳ ಚಲೋ ಆತು. ಹೊರತೇನಿ ಅಂದವ ದೇವರು. ಮತ್ತ ಕಂತು ನೀ ಯಾಕ ಕೇಳ್ತೀಯೋ?”

ಎಲ್‌ಐಸಿ ಹುಟ್ಟಿದ್ದು 1956ರಲ್ಲಿ. ಅಂದಿನಿಂದ ಯಾವ ತರಬೇತಿಯಲ್ಲೂ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಂತಿಲ್ಲ. ಹುಡುಗ ಚಹಾ ಕುಡಿದು ಎದ್ದ. ಹಿತ್ತಲ ಬಾಗಿಲಲ್ಲಿ ಕಾಕು ಕಾಯುತ್ತಿದ್ದರು. ಫಾರ್ಮಿಗೆ ಸಹಿ ಬೇಕಲ್ಲ ಎಂದರೆ ಅದೂ ತೊಂದರೆಯಾಗಲಿಲ್ಲ. ಕಾಕಾ ಯಾವ ಕಾಗದವನ್ನೂ ಓದದೆ ಸಹಿ ಹಾಕುವವರು. ಅದೂ ವಿಶ್ವಾಸದ ಒಂದು ಬಗೆ. ಹಾಗೆ ನೋಡಿದರೆ, ಸಾವಿನ ಲೆಕ್ಕ ಹಾಕಿ ಕಂತು ಗೊತ್ತುಮಾಡುವ ವಿದ್ಯೆಯನ್ನು ಮೊದಮೊದಲು ಕಟ್ಟಿ ನಿಲ್ಲಿಸಿದವರೇ ಪಾದ್ರಿಗಳು. ಸ್ಕಾಟ್ಲೆಂಡಿನ ರಾಬರ್ಟ್ ವಾಲೆಸ್ ಮತ್ತು ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬಿಬ್ಬರು ಪಾದ್ರಿಗಳು ತಮ್ಮ ಬಳಗದವರ ವಿಧವೆಯರಿಗೂ ಮಕ್ಕಳಿಗೂ ಆಸರೆಯಾಗಲಿ ಎಂದು 1744ರ ಹೊತ್ತಿಗೆ ಇಂಥದೊಂದು ನಿಧಿ ಕಟ್ಟಿದರು. ಭಾನುವಾರ ಹಕ್ಕಿಗಳ ಮೇಲೆ ಪ್ರಸಂಗ ಮಾಡಿ, ಸೋಮವಾರ ಇರುವೆಯ ಕೆಲಸಕ್ಕೆ ಕೂತವರು. ನಾನು ಇದನ್ನು ಕಾಕಾಗೆ ಹೇಳಿದೆ. “ಅವರು ಸ್ಕಾಟ್ಲೆಂಡಿನವರು ಬಿಡೋ, ಅಲ್ಲಿ ಥಂಡಿ ಭಾಳ” ಎಂದರು. ಥಂಡಿಗೂ ವಿಮೆಗೂ ಏನು ಸಂಬಂಧವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅವರ ಮೆಚ್ಚಿನ ಭಕ್ತ ಬ್ರಿಸ್ಟಲ್ಲಿನ ಜಾರ್ಜ್ ಮುಲ್ಲರ್. ಪ್ರತಿ ಮನೆಪ್ರಾರ್ಥನೆಯಲ್ಲೂ ಮುಲ್ಲರ್ ಬರಲೇಬೇಕು. ಸಾವಿರಾರು ಅನಾಥ ಮಕ್ಕಳನ್ನು ಸಾಕಿಯೂ ಯಾರ ಮುಂದೂ ಕೈಚಾಚದ ಮನುಷ್ಯ. ಬೆಳಗಿನ ತಿಂಡಿಗೆ ಏನೂ ಇಲ್ಲದೆ ಖಾಲಿ ಮೇಜಿನ ಮುಂದೆ ಪ್ರಾರ್ಥನೆ ಮಾಡಿದ್ದು, ಅಷ್ಟರಲ್ಲಿ ಬೇಕರಿಯವ ಬ್ರೆಡ್ ಹೊತ್ತು ಬಂದದ್ದು, ಹಾಲಿನ ಗಾಡಿ ಬಾಗಿಲ ಮುಂದೆಯೇ ಮುರಿದು ನಿಂತದ್ದು, ಇದೆಲ್ಲ ಕಾಕಾನ ಬಾಯಲ್ಲಿ ನಿನ್ನೆ ನಡೆದಂತೆ ಕೇಳಿಸುತ್ತದೆ. ಗಾಡಿಯ ಗಾಲಿ ಮುರಿಯುವ ಸದ್ದನ್ನೂ ಮಾಡಿ ತೋರಿಸುತ್ತಾರೆ. ಅವರು ಹೇಳದ ಭಾಗವೂ ಒಂದಿದೆ. ಆ ಮುಲ್ಲರ್ ಮಹಾ ಲೆಕ್ಕದ ಮನುಷ್ಯ. ಬಂದ ಕಾಣಿಕೆ, ಆದ ಖರ್ಚು ಎರಡನ್ನೂ ಬರೆದಿಟ್ಟು ವರ್ಷ ವರ್ಷ ವರದಿ ಅಚ್ಚುಹಾಕಿಸುತ್ತಿದ್ದ. ನಮ್ಮ ಕಾಕಾನ ಪೆನ್ಶನ್ ಪಾಸ್‌ಬುಕ್ ಎಲ್ಲಿದೆಯೆಂದು ದೇವರಿಗೆ ಗೊತ್ತು, ಮತ್ತು ಕಾಕುಗೆ.

ಸುಗ್ಗಿ ಹಬ್ಬದ ಲಿಲಾವಿನಲ್ಲಿ ಕಾಕಾನನ್ನು ನೋಡಬೇಕು. ಸಭೆಯವರು ಮೊದಲ ಬೆಳೆ ಎಂದು ತಂದ ಬದನೆಕಾಯಿ, ಬಾಳೆಗೊನೆ, ಕೋಳಿ, ಮನೆಯಲ್ಲಿ ಮಾಡಿದ ಕೇಕು ಎಲ್ಲ ಆರಾಧನೆಯ ನಂತರ ಲಿಲಾವಾಗುತ್ತವೆ, ಹಣ ಸಭೆಗೆ. ಕಾಕಾ ಕೈ ಎತ್ತಿದರೆಂದರೆ ಇಳಿಸುವುದಿಲ್ಲ. ಪೇಟೆಯಲ್ಲಿ ನಲವತ್ತು ರೂಪಾಯಿಗೆ ಸಿಗುವ ಕುಂಬಳಕಾಯಿ ಒಮ್ಮೆ ಅವರ ಕೈಯಲ್ಲಿ ಸಾವಿರದ ಇನ್ನೂರಕ್ಕೆ ಏರಿತು. “ಕೊಟ್ಟವನು ಅವನು, ಕೊಡೋದೂ ಅವಗ” ಎಂದು ಹೇಳಿ ಹೆಂಗಸರ ಕಡೆ ನೋಡಿದರು. ಕಾಕು ಪರ್ಸ್ ತೆಗೆದರು. ಆ ಮನೆಯಲ್ಲಿ ಒಂದು ವಾರ ಕುಂಬಳಕಾಯಿ ಪಲ್ಯ, ಕುಂಬಳಕಾಯಿ ಸಾರು, ಕುಂಬಳಕಾಯಿ ಕಡುಬು. ಕಾಕಾ ಮೂರನೆಯ ದಿನವೇ ಗೊಣಗಿದರು. ಇಸ್ರಾಯೇಲ್ಯರೂ ಮನ್ನದ ವಿಷಯದಲ್ಲಿ ಹೀಗೇ ಗೊಣಗಿದರು ಎಂದು ಕಾಕು ನೆನಪಿಸಿದರು.

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತುವ ರೂಢಿ ನಮ್ಮಲ್ಲಿದೆ. ಚೀಟಿ ಎತ್ತಿ ವಚನ ಆರಿಸುವ ಪದ್ಧತಿ ಹೊಸದಲ್ಲ. ಜರ್ಮನಿಯ ಹೆರ್ನ್‌ಹುಟ್ಟಿನ ಮೊರೇವಿಯನ್ ಸಭೆಯವರು ವರ್ಷದ ಪ್ರತಿ ದಿನಕ್ಕೂ ಹೀಗೆ ವಚನ ಎತ್ತಿ 1731ರಿಂದ ಪುಸ್ತಕ ಅಚ್ಚು ಮಾಡುತ್ತ ಬಂದಿದ್ದಾರೆ. ಕಾಕಾನ ವಿಶೇಷವೆಂದರೆ, ಯಾವ ಚೀಟಿ ಬಂದರೂ ಅದು ಅವರ ಮನಸ್ಸಿನಲ್ಲಿದ್ದದ್ದನ್ನೇ ಹೇಳುತ್ತದೆ. ಒಂದು ವರ್ಷ ಯೆಶಾಯನ ಪುಸ್ತಕದ, ಗುಡಾರವನ್ನು ಅಗಲಮಾಡು ಎಂಬ ವಚನ ಬಂತು. ಮರುದಿನವೇ ಮಹಡಿ ಕಟ್ಟಿಸಲು ಗೌಂಡಿಯನ್ನು ಕರೆಸಿದರು. ಕಾಕುಗೆ ಬಂದಿದ್ದು ತಾಳ್ಮೆಯ ಕುರಿತಾದದ್ದು. ಅವರಿಗೆ ಬಹುತೇಕ ಪ್ರತಿ ವರ್ಷ ಅದೇ ಬರುತ್ತದೆ. ಮಹಡಿ ಏಳಲಿಲ್ಲ. ಹಂಚಿನ ಮಾಡು ಸೋರುವುದನ್ನಾದರೂ ಗೌಂಡಿಯಿಂದ ಸರಿಮಾಡಿಸಿಕೊಂಡು ಕಳಿಸಿದರು ಕಾಕು.

ಊರಿನ ನೀರಿನ ಕಥೆ ನಿಮಗೆ ಗೊತ್ತಿರಬಹುದು. ಸವದತ್ತಿಯ ಮಲಪ್ರಭಾ ಜಲಾಶಯದಿಂದ ಬರುವ ನೀರು ಬಹಳ ಓಣಿಗಳಿಗೆ ಐದಾರು ದಿನಕ್ಕೊಮ್ಮೆ ನಳದಲ್ಲಿ ಬರುತ್ತಿತ್ತು, ಅದೂ ಅಪರಾತ್ರಿ. “ಬಂಡಿಗಲ್ಲಿನ್ಯಾಗಿಂದ ನೀರು ತಂದ ದೇವರು, ನಳದಾಗಿಂದ ತರೂದಿಲ್ಲೇನು?” ಎಂದು ಕಾಕಾ ಹೊದ್ದು ಮಲಗುತ್ತಿದ್ದರು. ಪಕ್ಕದ ಮನೆಯ ಅಜ್ಜ ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು ಎಂದು ಕನಕದಾಸರು ಕೇಳಿದ್ದನ್ನು ನೆನಪಿಸಿದರೆ, ಕಾಕಾಗೆ ಅದೂ ಒಪ್ಪಿಗೆ. ಕಾಕುವಿನ ಉತ್ತರ ಇಬ್ಬರಿಗೂ ಒಂದೇ: “ಬೆಟ್ಟದ ಗಿಡಕ್ಕ ಅವ ಹಾಕತಾನ್ರೀ. ಹಿತ್ತಲದ ಕರಿಬೇವಿಗೆ ನಾನ ಹಾಕಬೇಕು.” ವಾಲ್ವ್‌ಮನ್ನಿನ ಫೋನ್ ನಂಬರ್ ಅವರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿತ್ತು, ಪಾಸ್ಟರ್ ಅಯ್ಯಾರ ನಂಬರಿಗಿಂತ ಮೇಲೆ.

ಹೀಗಿರುವಾಗ ಕಾಕುಗೆ ಪಿತ್ತಕೋಶದಲ್ಲಿ ಹರಳಾಗಿ ಆಪರೇಶನ್ ಎಂದಾಯಿತು. ಆಸ್ಪತ್ರೆ ಸೇರುವ ಹಿಂದಿನ ದಿನ ಅವರು ಹಿಟ್ಟು ಬೀಸಿಸಿ, ಚಟ್ನಿಪುಡಿ ಕುಟ್ಟಿಸಿ, ಕರೆಂಟ್ ಬಿಲ್ ಕಟ್ಟಿಸಿ, ವಿಮೆಯ ಕಾರ್ಡು ಚೀಲದಲ್ಲಿಟ್ಟುಕೊಂಡರು. ಆದರೆ ಬೆಳಗ್ಗೆ ಹಸಿರು ಗೌನು ತೊಡಿಸಿದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಬಳೆ ತೆಗೆಸಿದ್ದರು, ಕೈ ಖಾಲಿ. ಆ ಕೈ ನಡುಗಿದ್ದನ್ನು ನಾವೆಲ್ಲ ಮೊದಲ ಸಲ ನೋಡಿದೆವು. ಮಗ ಡಾಕ್ಟರರ ಹಿಂದೆ, ಸೊಸೆ ಫೋನಿನ ಹಿಂದೆ ಓಡಾಡುತ್ತಿದ್ದರು. ಕಾಕಾ ಒಬ್ಬರೇ ಸ್ಟೂಲೆಳೆದು ಪಕ್ಕದಲ್ಲಿ ಕೂತು, ಎಂದಿನ ದನಿಯಲ್ಲೇ, “ದೇವರು ನೋಡ್ಕೋತಾನ ಬಿಡು” ಎಂದರು. ಕ್ಷೌರದ ವಿಷಯ ಹೇಳುವಾಗ ಎಷ್ಟು ನಿಶ್ಚಿಂತೆಯೋ ಅಷ್ಟೇ. ನಡುಕ ನಿಂತಿತು. “ನಲವತ್ತು ವರ್ಷ ಆ ಮಾತು ಮನ್ಯಾಗ ಸುಮ್ನ ಬಿದ್ದಿತ್ತು ನೋಡವಾ, ಅವತ್ತು ಉಪಯೋಗಕ್ಕ ಬಂತು” ಎಂದು ಕಾಕು ಆಮೇಲೆ ಮಹಿಳಾ ಕೂಟದ ಗೆಳತಿಯರಿಗೆ ಹೇಳಿದ್ದುಂಟು. ಹೊಗಳಿದ್ದೋ ತೆಗಳಿದ್ದೋ ಇನ್ನೂ ತೀರ್ಮಾನವಾಗಿಲ್ಲ.

ಆಪರೇಶನ್ ಸುಸೂತ್ರವಾಯಿತು. ಎಡವಟ್ಟಾದದ್ದು ಮನೆಯಲ್ಲಿ. ಕಾಕಾ ರಾತ್ರಿ ಮನೆಗೆ ಬಂದು ನೋಡಿದರೆ, ನಲವತ್ತು ವರ್ಷ ತಪ್ಪದೆ ಒದಗಿಬಂದದ್ದು ಒಂದೊಂದಾಗಿ ನಿಲ್ಲತೊಡಗಿತ್ತು. ಗ್ಯಾಸ್ ಮುಗಿಯಿತು. ಗಡಿಯಾರ ನಿಂತಿತು. ಹಂಡೆಯ ತಳ ಕಂಡಿತು. ಸೊಸೆಯನ್ನು ಕೇಳೋಣವೆಂದರೆ ಅವಳು ಆಸ್ಪತ್ರೆಯಲ್ಲಿ. ಕೊನೆಗೆ ಅಡುಗೆಮನೆಯ ಮಾಡದಲ್ಲಿ ಆ ನೋಟ್‌ಬುಕ್ ಸಿಕ್ಕಿತು. ಕನ್ನಡಕ ಹಾಕಿಕೊಂಡು ಮೊದಲ ಸಲ ಓದಿದರು. ಗ್ಯಾಸಿನ ನಂಬರ್. ಪೆನ್ಶನ್ ಖಾತೆ. ವಿಮೆಯ ಕಂತುಗಳು, ಹದಿನೆಂಟು ವರ್ಷದ್ದು. ಬೆಂಗಳೂರಿಗೆ ಹೋಗುವಾಗೆಲ್ಲ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಪವಾಡದಂತೆ ಸಿಕ್ಕ ಬಗ್ಗೆ ಅವರು ಸಭೆಯಲ್ಲಿ ಮೂರು ಸಲ ಸಾಕ್ಷಿ ಹೇಳಿದ್ದರು; ಆ ಮೂರೂ ರಿಸರ್ವೇಶನ್ನಿನ ಖರ್ಚು ತಾರೀಖು ಸಮೇತ ಅಲ್ಲಿತ್ತು. ದೇವರ ಅಕ್ಷರ ತಮ್ಮ ಹೆಂಡತಿಯ ಅಕ್ಷರದಂತೆಯೇ ಇರುತ್ತದೆಂದು ಕಾಕಾಗೆ ಅಂದು ತಿಳಿಯಿತು.

ರಾತ್ರಿ ಹನ್ನೊಂದಕ್ಕೆ ಅವರು ಮೊದಲ ಪುಟದ ನಂಬರಿಗೆ ಫೋನ್ ಹಚ್ಚಿದರು.

“ತಮ್ಮಾ, ನಳ ಯಾವಾಗ ಬರತೈತಿ?”

ಆ ಕಡೆಯಿಂದ ಆಕಳಿಕೆ. “ಏನ್ ಹೇಳ್ಲಿರೀ ಸರ. ಕರೆಂಟ್ ಇರಬೇಕು, ಸವದತ್ತಿಯಿಂದ ನೀರು ಬರಬೇಕು, ಟಾಕಿ ತುಂಬಬೇಕು. ಎಲ್ಲಾ ದೇವರ ಕೈಯಾಗ ಐತ್ರಿ.”

ಕಾಕಾ ಎದ್ದು ನಿಂತರು. “ದೇವರ ಕೈಯಾಗ ಹೆಂಗಪಾ? ವಾಲ್ವ್ ನಿನ್ನ ಕೈಯಾಗ ಐತಿಲ್ಲೋ!”

ದನಿ ಎಷ್ಟು ಏರಿತ್ತೆಂದರೆ ಪಕ್ಕದ ಮನೆಯ ಅಜ್ಜ ಎಚ್ಚರಾಗಿ ಕೇಳಿಸಿಕೊಂಡರು. ಮರುದಿನ ಅವರ ಮನೆಯವರು ಗಂಜಿಯ ಡಬ್ಬಿ ಜೊತೆಗೆ ಆ ಮಾತನ್ನೂ ಆಸ್ಪತ್ರೆಗೆ ಒಯ್ದು ಕಾಕುಗೆ ಮುಟ್ಟಿಸಿದರು. ನಗಬೇಡಿರಿ, ಹೊಲಿಗೆ ಇನ್ನೂ ಹಸಿ ಇದೆ ಎಂದು ನರ್ಸ್ ಎರಡು ಸಲ ಬಂದು ಹೇಳಿ ಹೋಗಬೇಕಾಯಿತು.